‘ಶ್ರುತಿ ಮಾಡು’ ಅಂದರೆ ಬಿಗಿ ಮಾಡುವುದೇ? ಆಂಟೆನಾ ತಂತಿಗೆ ಒಂದು ಪದ ಬೇಕಾಗಿದೆ

ಗೆಳೆಯರಿಗೆಲ್ಲ ನಮಸ್ಕಾರ,

ಒಂದು ಪದದ ಬಗ್ಗೆ ಕೇಳಬೇಕಾಗಿದೆ. ಸುಮ್ನೆ ಕುತೂಹಲಕ್ಕಲ್ಲ. ಆ ಪದದ ದೆಸೆಯಿಂದ ನಮ್ಮ ಮನೆಯ ತಂತಿ ಹರಿದಿದೆ.

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ, ಪರೀಕ್ಷೆಗೆ ಓದುತ್ತಿರುವ ಮೂರು-ನಾಲ್ಕು ಹುಡುಗರು ರವಿವಾರ ಧಾರವಾಡದ ನಮ್ಮ ಮನೆಗೆ ಬರುತ್ತಾರೆ. ಡೈಪೋಲ್ ಅಂದರೆ ನಡುವೆ ಎರಡು ಭಾಗ ಮಾಡಿದ ತಂತಿಯ ಆಂಟೆನಾ. ಅದನ್ನು ಕಟ್ಟುವ ಬಗೆಯನ್ನು ಅವರಿಗೆ ಕನ್ನಡದಲ್ಲೇ ಎರಡು ಪುಟ ಬರೆದುಕೊಟ್ಟೆ. ಲೆಕ್ಕ ಸುಲಭ. 142.6ನ್ನು ನಮಗೆ ಬೇಕಾದ ಆವರ್ತನದ (ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದರ) ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ಆ ಕಡೆ 10, ಈ ಕಡೆ 10, ನಡುವಿನಿಂದ ಕೇಬಲ್ ಇಳಿಬಿಟ್ಟರೆ ಆಯಿತು. ಆದರೆ ನೆಲದಿಂದ ಎಷ್ಟು ಎತ್ತರ, ಹತ್ತಿರ ಗಿಡ ಇದೆಯೋ ತಗಡು ಇದೆಯೋ ಅನ್ನುವುದರ ಮೇಲೆ ಲೆಕ್ಕ ತುಸು ಆಚೀಚೆ ಆಗುತ್ತದೆ. ಅದಕ್ಕೇ ಮೊದಲು ಉದ್ದವೇ ಬಿಟ್ಟು, ಆಮೇಲೆ ಎಸ್‌ಡಬ್ಲ್ಯೂಆರ್ ಮೀಟರ್ (ತಂತಿಗೆ ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವುದು; ಕಡಿಮೆ ಇದ್ದಷ್ಟೂ ಒಳ್ಳೆಯದು) ನೋಡುತ್ತ ಗಿಡ್ಡ ಮಾಡುತ್ತ ಬರಬೇಕು. ಇದಕ್ಕೆ ನಾವೆಲ್ಲ ಬಾಯಲ್ಲಿ ಹೇಳುವುದು ‘ಟ್ಯೂನ್ ಮಾಡೋದು’ ಅಂತಲೇ. ಬರೆಯುವಾಗ ಮಾತ್ರ ಕನ್ನಡದ ಹುಮ್ಮಸ್ಸು ಬಂದು ‘ತಂತಿಯನ್ನು ಶ್ರುತಿ ಮಾಡಿ’ ಎಂದು ಬರೆದೆ.

ಒಬ್ಬ ಹುಡುಗನ ಮನೆಯಲ್ಲಿ ತಂಬೂರಿ ಇದೆ. ಧಾರವಾಡದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಶ್ರುತಿ ಮಾಡು ಅಂದರೆ ಅವನ ಪಾಲಿಗೆ ಬಿರಡೆ ತಿರುವಿ ತಂತಿ ಬಿಗಿಯುವುದು. ಮಾವಿನ ಗಿಡಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಜಗ್ಗಿದ. ಮೀಟರಿನ ಮುಳ್ಳು ಜಗ್ಗಲಿಲ್ಲ. ಇನ್ನೂ ಜಗ್ಗಿದ. ಅಷ್ಟರಲ್ಲಿ ಗಾಳಿಗೆ ಕೊಂಬೆ ಹೊಯ್ದಾಡಿತು, ತಂತಿ ಹರಿಯಿತು. ಅವನದೇನೂ ತಪ್ಪಿಲ್ಲ. ನಾನು ಬರೆದದ್ದನ್ನೇ ಅವನು ಮಾಡಿದ್ದ.

ತಂಬೂರಿಗೂ ಆಂಟೆನಾಕ್ಕೂ ಒಂದು ಹೋಲಿಕೆಯೇನೋ ಇದೆ. ತಂತಿ ಗಿಡ್ಡವಾದಷ್ಟೂ ಸೆಕೆಂಡಿಗೆ ಆಗುವ ಕಂಪನ ಜಾಸ್ತಿ. ಆದರೆ ಆಂಟೆನಾದಲ್ಲಿ ನಡುಗುವುದು ತಂತಿಯಲ್ಲ, ಅದರೊಳಗಿನ ವಿದ್ಯುತ್ತು. ಬಿಗಿ ಮಾಡಿದರೂ ಸಡಿಲ ಬಿಟ್ಟರೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ಅದು ನೋಡುವುದು ಉದ್ದವನ್ನು. ಗಿಡಕ್ಕೆ ಕಟ್ಟಿದ ತಂತಿಯನ್ನಂತೂ ಸ್ವಲ್ಪ ಜೋಲು ಬಿಡಲೇಬೇಕು.

ಮತ್ತೆ ಹೊಸ ತಂತಿ ಕಟ್ಟಿದೆವು. ಈ ಸಲ ಎಸ್‌ಡಬ್ಲ್ಯೂಆರ್ ಎಲ್ಲಕ್ಕಿಂತ ಕಡಿಮೆ ತೋರಿಸಿದ್ದು 6.9 ಮೆಗಾಹರ್ಟ್ಸ್‌ನಲ್ಲಿ. ಅಂದರೆ ತಂತಿ ಉದ್ದವಾಯಿತು. 7.1ಕ್ಕೆ ತರಬೇಕಾದರೆ ಒಂದೊಂದು ತುದಿಯಲ್ಲೂ ಸುಮಾರು 29 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು, ಹೋಗಬೇಕು. ಅದನ್ನೂ ಒಮ್ಮೆಲೇ ಕತ್ತರಿಸುವುದಿಲ್ಲ. ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಸುತ್ತಿ ನೋಡುತ್ತೇವೆ. ಜಾಸ್ತಿಯಾದರೆ ಬಿಚ್ಚಬಹುದು ಅಲ್ವಾ? ತಂಬೂರಿಯ ಮಣಿ ಸರಿಸಿದ ಹಾಗೆ ಈ ಮಡಿಕೆ. ಅಷ್ಟರ ಮಟ್ಟಿಗೆ ‘ಶ್ರುತಿ’ ನನಗಿನ್ನೂ ಇಷ್ಟವೇ.

ಇನ್ನೊಂದು ತೊಡಕಿದೆ. ‘ಆಂಟೆನಾ ಟ್ಯೂನರ್’ ಎಂಬ ಪೆಟ್ಟಿಗೆ ಸಿಗುತ್ತದೆ. ಹೆಸರು ಹಾಗಿದ್ದರೂ ಅದು ಮೇಲಿನ ತಂತಿಯನ್ನು ಮುಟ್ಟುವುದೇ ಇಲ್ಲ. ಕೆಳಗೆ ರೇಡಿಯೊಕ್ಕೆ ಬೇಕಾದ 50 ಓಮ್ ತಡೆ (ಇಂಪೀಡೆನ್ಸ್) ಕಾಣುವ ಹಾಗೆ ಮಾಡುತ್ತದೆ, ಅಷ್ಟೇ. ಇಂಗ್ಲಿಷಿನಲ್ಲೇ ಎರಡು ಬೇರೆ ಕೆಲಸಕ್ಕೆ ಒಂದೇ ಪದ ಹಚ್ಚಿ ಗೊಂದಲ ಮಾಡಿದ್ದಾರೆ. ಅದನ್ನು ನಾವೂ ಯಾಕೆ ಹೊತ್ತುಕೊಳ್ಳಬೇಕು? ಈ ಪೆಟ್ಟಿಗೆಯ ಕೆಲಸಕ್ಕೆ ‘ಹೊಂದಿಸು’ ಸಾಕು ಎಂದು ನನ್ನ ಅನಿಸಿಕೆ. ತಂತಿಯ ಕೆಲಸಕ್ಕೆ ಏನು?

‘ಅನುರಣನಕ್ಕೆ (ರೆಸೊನೆನ್ಸಿಗೆ) ತರು’ ಎಂದು ಬರೆದರೆ ತಪ್ಪಲ್ಲ. ಆದರೆ ಹುಡುಗರು ಪುಟ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ‘ಹದ ಮಾಡು’ ಚೆನ್ನಾಗಿದೆ. ಹೊಲಕ್ಕೆ ಹದ, ಹಿಟ್ಟಿಗೆ ಹದ, ತಂತಿಗೂ ಇರಲಿ. ಆದರೆ ಏನು ಮಾಡಬೇಕು ಅನ್ನುವುದನ್ನು ಅದು ಹೇಳುವುದಿಲ್ಲ. ನನ್ನ ಮನಸ್ಸು ವಾಲುತ್ತಿರುವುದು ‘ಸವರು’ ಕಡೆಗೆ. ಗಿಡದ ಟೊಂಗೆ ಸವರಿದ ಹಾಗೆ, ನೋಡಿ ನೋಡಿ ಇಷ್ಟಿಷ್ಟೇ ತೆಗೆಯುವುದು. ಆದರೆ ‘ಎಣ್ಣೆ ಸವರು’ ಅಂತಲೂ ಇದೆಯಲ್ಲ! ಇನ್ನೊಬ್ಬ ಹುಡುಗ ಗ್ರೀಸ್ ಡಬ್ಬಿ ಹಿಡಿದು ಮಾಳಿಗೆ ಹತ್ತಿದರೆ ಕಷ್ಟ.

‘ಆಂಟೆನಾ’ ಪದವನ್ನು ನಾನು ಮುಟ್ಟುವುದಿಲ್ಲ. ಲ್ಯಾಟಿನ್‌ನಲ್ಲಿ ಅದು ಹಡಗಿನ ಹಾಯಿ ಕಟ್ಟುವ ಅಡ್ಡಮರ. ಎಲ್ಲಿಂದಲೋ ಬಂದು ಕೂತಿದೆ, ಇರಲಿ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಮಾತ್ರ ಅದೂ ಬೇಕಾಗಿಲ್ಲ. ‘ಏನಪಾ, ಅರಬಿ ಒಣಹಾಕಾಕ ಇಷ್ಟ ಎತ್ತರಕ್ಕ ತಂತಿ ಕಟ್ಟೀರಿ?’ ಎಂದು ಕೇಳಿದರು. ಇನ್ನು ಮನೆಯಲ್ಲೇ ಕಟ್ಟಿದ್ದಕ್ಕೆ ಹುಡುಗರೇ ‘ಜವಾರಿ ಆಂಟೆನಾ’ ಎಂದು ಹೆಸರಿಟ್ಟಿದ್ದಾರೆ. ತಂಬೂರಿಯ ಕುದುರೆಯ ಮೇಲೆ ನಾದ ತುಂಬಿಸುವ ಜವಾರಿ ಬೇರೆ, ಜವಾರಿ ಬದನೆಕಾಯಿಯ ಜವಾರಿ, ಅಂದರೆ ನಾಟಿ, ಬೇರೆ. ಇವರದು ಎರಡನೆಯದು.

ನನ್ನ ಪ್ರಶ್ನೆ ಇಷ್ಟೇ. ಅಳತೆ ನೋಡುತ್ತ ಸ್ವಲ್ಪ ಸ್ವಲ್ಪವೇ ಗಿಡ್ಡ ಮಾಡುವುದಕ್ಕೆ ನಿಮ್ಮ ಕಡೆ ಬಡಿಗರು, ಸಿಂಪಿಗರು, ವಾದ್ಯ ಮಾಡುವವರು ಏನನ್ನುತ್ತಾರೆ? ಬಿಗಿಯುವ ಅರ್ಥ ಇಲ್ಲದೆ ‘ಶ್ರುತಿ ಮಾಡು’ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಗದಗ, ಹಾವೇರಿ ಕಡೆಯವರೂ ಹೇಳಿ. ಮುಂದಿನ ರವಿವಾರದೊಳಗೆ ಆ ಎರಡು ಪುಟ ತಿದ್ದಬೇಕಾಗಿದೆ. ಸದ್ಯಕ್ಕೆ ‘ಶ್ರುತಿ ಮಾಡಿ’ಯ ಮುಂದೆ ಪೆನ್ನಿನಲ್ಲಿ ‘ಜಗ್ಗಬೇಡಿ’ ಎಂದು ಬರೆದಿಟ್ಟಿದ್ದೇನೆ.