ಮೂರನೇ ಪ್ಯಾಸೇಜ್‌ಗೇ ಕೆರಟಿನೋಸೈಟ್‌ಗಳು ಚಪ್ಪಟೆಯಾಗಿ ನಿಂತುಬಿಡುತ್ತಿವೆ; ಪಿ63 ಮಾತ್ರ ಸರಿಯಾಗಿಯೇ ಇದೆ

ಸಪ್ತಾಪುರ_ಕೋಶ (ಧಾರವಾಡ)
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಿಂದ, ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ, ಸುನ್ನತಿಯಲ್ಲಿ ತೆಗೆದ ಮುಂದೊಗಲಿನ ತುಣುಕುಗಳನ್ನು ಐಸ್ ಡಬ್ಬಿಯಲ್ಲಿ ತರಿಸಿ ಕೆರಟಿನೋಸೈಟ್ (ಹೊರಚರ್ಮದ ಕೋಶ) ಬೆಳೆಸುತ್ತಿದ್ದೇವೆ. ರಾತ್ರಿಯಿಡೀ ಡಿಸ್ಪೇಸ್ ಕಿಣ್ವದಲ್ಲಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹೊರಚರ್ಮವು ನೆನೆಸಿದ ಶೇಂಗಾದ ಸಿಪ್ಪೆಯಂತೆ ಚಿಮಟಕ್ಕೆ ಒಂದೇ ಹಾಳೆಯಾಗಿ ಬಿಟ್ಟುಬರುತ್ತದೆ, ಹಾಗಾಗಿ ಆ ಹಂತದಲ್ಲಿ ತೊಂದರೆಯಿಲ್ಲ. ಮೊದಲ ಪ್ಯಾಸೇಜ್ (ಕೋಶಗಳನ್ನು ಎಬ್ಬಿಸಿ ಹೊಸ ತಟ್ಟೆಗೆ ಹಂಚುವ ಸರದಿ) ಚೆನ್ನಾಗಿ ಬರುತ್ತದೆ, ಎರಡನೆಯದು ನಿಧಾನವಾಗುತ್ತದೆ, ಮೂರನೆಯದರಲ್ಲಿ ಕೋಶಗಳು ಅಗಲವಾಗಿ ಹರಡಿಕೊಂಡು ವಿಭಜನೆಯನ್ನೇ ನಿಲ್ಲಿಸುತ್ತವೆ. ಮೀಡಿಯಾ (ಕೋಶಗಳ ಪೋಷಕ ದ್ರವ) ಸೀರಮ್ ಇಲ್ಲದ, ಕಡಿಮೆ ಕ್ಯಾಲ್ಸಿಯಂನ ಸಿದ್ಧ ಮೀಡಿಯಾ, ಅವಧಿ ಮೀರಿಲ್ಲ. ಆರ್‌ಎನ್‌ಎ ಅಳೆಯುವ ಆರ್‌ಟಿ-ಪಿಸಿಆರ್‌ನಲ್ಲಿ ಪಿ63 ಪ್ರಮಾಣ ಮೊದಲ ಮತ್ತು ಮೂರನೇ ಪ್ಯಾಸೇಜ್‌ಗಳ ನಡುವೆ ಹೆಚ್ಚು ಬದಲಾಗಿಲ್ಲ. ಚರ್ಮದ ಆಕರಕೋಶಗಳನ್ನು (ಸ್ಟೆಮ್ ಸೆಲ್) ಹಿಡಿದಿಡುವ ಮುಖ್ಯ ಜೀನ್ ಅದೇ ಎಂದು ಎಲ್ಲರೂ ಬರೆಯುತ್ತಾರೆ. ಅದು ಇದ್ದೂ ಆಕರಕೋಶಗಳು ಯಾಕೆ ಉಳಿಯುತ್ತಿಲ್ಲ? ಮೀಡಿಯಾದ ಬೆಲೆ ಎಲ್ಲರಿಗೂ ಗೊತ್ತಿರುವುದರಿಂದ ನನ್ನ ಅಸಹನೆಯನ್ನು ಕ್ಷಮಿಸಬೇಕು.

ಬೆಟಗೇರಿ (ಗದಗ)
ನೀರನ್ನು ನೋಡಿರಿ. ನಮ್ಮ ಭಾಗದ ಬೋರ್‌ವೆಲ್ ನೀರು ಗಡಸು. ಡಿಸ್ಟಿಲೇಷನ್ ಯಂತ್ರದ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿದ್ದನ್ನು ನಾನು ಬೇಕಾದಷ್ಟು ಸಲ ಕೆರೆದಿದ್ದೇನೆ. ಕ್ಯಾಲ್ಸಿಯಂ 0.1 ಮಿಲಿಮೋಲಾರ್ ದಾಟಿತೆಂದರೆ ಕೆರಟಿನೋಸೈಟ್ ವಿಭೇದನದ (ವಿಭಜನೆ ಬಿಟ್ಟು ಪಕ್ವವಾಗುವ) ದಾರಿ ಹಿಡಿಯುತ್ತದೆ, ಇದರಲ್ಲಿ ಜೀನ್‌ಗಳನ್ನು ಹುಡುಕುವ ಅಗತ್ಯವೇ ಇಲ್ಲ.

ವರದಾ (ಹಾವೇರಿ)
ನಾವು ಹ್ಯಾಕ್ಯಾಟ್ ಕೋಶಗಳನ್ನು ಸಾಮಾನ್ಯ ಡಿಎಮ್‌ಇಎಮ್ ಮೀಡಿಯಾದಲ್ಲಿ, ಹತ್ತು ಶೇಕಡಾ ಸೀರಮ್ ಹಾಕಿ ಬೆಳೆಸುತ್ತೇವೆ. ಪ್ಯಾಸೇಜ್ ಎಷ್ಟಾಯಿತೆಂದು ಎಣಿಸುವುದನ್ನೇ ಬಿಟ್ಟಿದ್ದೇವೆ. ಮುಂದೊಗಲಿನ ಗೋಜಿಗೆ ಯಾಕೆ ಹೋಗಬೇಕು?

ಉಣಕಲ್_ದಂಡೆ (ಹುಬ್ಬಳ್ಳಿ)
ವರದಾ ಅವರೇ, ಹ್ಯಾಕ್ಯಾಟ್ 1988ರಲ್ಲಿ ವರದಿಯಾದ, ತಾನಾಗಿಯೇ ಅಮರವಾದ ಕೋಶಸಾಲು. ಅದರಲ್ಲಿ ವಿಭಜನೆಗೆ ಕಡಿವಾಣ ಹಾಕುವ ಪಿ53 ಜೀನ್ ಕೆಟ್ಟಿದೆ. ಆಕರಕೋಶಗಳು ಯಾಕೆ ಮುಗಿದುಹೋಗುತ್ತವೆ ಎಂಬ ಪ್ರಶ್ನೆಗೆ, ಮುಗಿಯುವುದೇ ಇಲ್ಲದ ಕೋಶಗಳಿಂದ ಉತ್ತರ ಸಿಗಲಾರದು.

ಸಪ್ತಾಪುರದವರೇ, ನೀವು ಅಳೆದದ್ದು ಆರ್‌ಎನ್‌ಎ. ಪಿ63 ಪ್ರೋಟೀನ್ ನೋಡಿದ್ದೀರಾ? ಇವೆರಡೂ ಒಂದೇ ಅಲ್ಲ. ಮೈಕ್ರೋ ಆರ್‌ಎನ್‌ಎ-203 ಎಂಬ ಪುಟ್ಟ ಆರ್‌ಎನ್‌ಎ ತಳಪದರದ ಮೇಲಿನ ಕೋಶಗಳಲ್ಲಿ ಏರಿ, ಪಿ63 ಸಂದೇಶದಿಂದ (ಆರ್‌ಎನ್‌ಎಯಿಂದ) ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ ಎಂಬುದು 2008ರಲ್ಲೇ ಇಲಿಗಳ ಚರ್ಮದಲ್ಲಿ ಕಂಡುಬಂದಿದೆ. ಸಂದೇಶ ಉಳಿದೂ ಪ್ರೋಟೀನ್ ಇಳಿದಿರಬಹುದು. ಜೊತೆಗೆ ಕೆರಟಿನ್ 14, ಕೆರಟಿನ್ 10 ಮತ್ತು ಇನ್‌ವೊಲುಕ್ರಿನ್ ಅಳೆಯಿರಿ. ಮೊದಲನೆಯದು ತಳಪದರದ ಗುರುತು, ಉಳಿದೆರಡು ಮೇಲಕ್ಕೆ ಹೊರಟ ಕೋಶದ ಗುರುತುಗಳು.

ಸಪ್ತಾಪುರ_ಕೋಶ
ಪ್ರೋಟೀನ್ ಇನ್ನೂ ನೋಡಿಲ್ಲ. ನೀರಿನ ಬಗ್ಗೆ ಹೇಳುವುದಾದರೆ, ಮೀಡಿಯಾ ಬಾಟಲಿಯಲ್ಲೇ ದ್ರವವಾಗಿ ಬರುವುದರಿಂದ ನಮ್ಮ ನೀರು ಅದಕ್ಕೆ ಸೇರುವುದಿಲ್ಲ.

ಬೆಟಗೇರಿ
ತೊಳೆಯುವ ಬಫರ್‌ಗೆ ಸೇರುತ್ತದಲ್ಲ. ಗಾಜಿನ ಬಾಟಲಿಗಳನ್ನು ಯಾವ ನೀರಿನಲ್ಲಿ ತೊಳೆಯುತ್ತೀರಿ? ಆಟೋಕ್ಲೇವ್‌ಗೆ ಯಾವ ನೀರು? ಮೊದಲು ನೀರಿನ ವಾಹಕತೆ (ಕರಗಿದ ಲವಣದ ಸುಳಿವು) ಅಳೆದು ಇಲ್ಲಿ ಹಾಕಿರಿ, ಆಮೇಲೆ ಮೈಕ್ರೋ ಆರ್‌ಎನ್‌ಎ ಮಾತು.

ವರದಾ
ಪ್ರೈಮರ್ (ಪಿಸಿಆರ್‌ನಲ್ಲಿ ಜೀನ್ ಗುರುತಿಸುವ ಡಿಎನ್‌ಎ ತುಣುಕು) ಯಾವುದು ಎಂದು ಯಾರೂ ಕೇಳಲಿಲ್ಲ. ಪಿ63ಕ್ಕೆ ಟಿಎ ಮತ್ತು ಡೆಲ್ಟಾ-ಎನ್ ಎಂದು ಎರಡು ರೂಪಗಳಿವೆ. ಎರಡನ್ನೂ ಹಿಡಿಯುವ ಪ್ರೈಮರ್ ಬಳಸಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಉಣಕಲ್_ದಂಡೆ
ಅರ್ಥವಿಲ್ಲ ಎನ್ನುವುದು ಅತಿಯಾಯಿತು. ಹೊರಚರ್ಮದ ತಳಪದರದಲ್ಲಿ ಇರುವುದು ಬಹುಪಾಲು ಡೆಲ್ಟಾ-ಎನ್ ರೂಪವೇ, ಹಾಗಾಗಿ ಪ್ರೈಮರ್ ಬದಲಿಸಿದ ಮಾತ್ರಕ್ಕೆ ಈ ಒಗಟು ಬಿಡಿಸಿಕೊಳ್ಳುವುದಿಲ್ಲ.

ಆಕರಕೋಶದ ಸ್ಥಿತಿಯನ್ನು ಒಂದೇ ಜೀನ್ ಕಾಯುತ್ತದೆ ಎಂಬ ಎಣಿಕೆಯನ್ನೇ ಸ್ವಲ್ಪ ಪಕ್ಕಕ್ಕಿಡೋಣ. ಪಿ63 ಇಲ್ಲದ ಇಲಿಮರಿಗಳು ಪದರಗಳುಳ್ಳ ಚರ್ಮವೇ ಇಲ್ಲದೆ ಹುಟ್ಟುತ್ತವೆ ಎಂಬುದನ್ನು 1999ರಲ್ಲಿ ಎರಡು ತಂಡಗಳು ತೋರಿಸಿದ್ದು ನಿಜ. ಆದರೆ ವಿಭೇದನದ ಜೀನ್‌ಗಳನ್ನು ಮುಚ್ಚಿಡುವ ಕಾವಲು ಬೇರೆಯೇ ಇದೆ. ಇಲಿಯ ಭ್ರೂಣದ ತಳಪದರದಲ್ಲಿ ಇಝಡ್‌ಎಚ್2 ಎಂಬ ಕಿಣ್ವವು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗೆ ಮೀಥೈಲ್ ಗುರುತು ಹಚ್ಚಿ ಆ ಜೀನ್‌ಗಳನ್ನು ಮುಚ್ಚಿಡುತ್ತದೆ; ಅದನ್ನು ತೆಗೆದರೆ ಜೀನ್ ತೆರೆಯುವ ಎಪಿ-1 ಅಂಶಗಳು ಅಲ್ಲಿ ಬಂದು ಕೂತು, ಕೋಶಗಳು ಹೊತ್ತಿಗೆ ಮುಂಚೆಯೇ ಪಕ್ವವಾಗುತ್ತವೆ. ಮನುಷ್ಯನ ಕೆರಟಿನೋಸೈಟ್‌ಗಳಲ್ಲಿ ಡಿಎನ್‌ಎಂಟಿ1 ಎಂಬ ಕಿಣ್ವವು ಡಿಎನ್‌ಎಯ ಮೀಥೈಲ್ ಗುರುತುಗಳನ್ನು ಪ್ರತಿ ವಿಭಜನೆಯಲ್ಲೂ ಮರುನಕಲು ಮಾಡುತ್ತದೆ; ಅದು ಕುಂದಿದರೆ ವಿಭಜನೆಯನ್ನು ತಡೆಯುವ ಪಿ16ರಂಥ ಜೀನ್‌ಗಳು ತೆರೆದುಕೊಂಡು ಅಂಗಾಂಶದ ನವೀಕರಣವೇ ನಿಲ್ಲುತ್ತದೆ. ಇನ್ನೊಂದು ಕಡೆಯಿಂದ, ಪಕ್ಕದ ಕೋಶ ಮುಟ್ಟಿದಾಗ ಎಚ್ಚರಗೊಳ್ಳುವ ನಾಚ್ ಸಂಕೇತ ಪಿ63ಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಅಂದರೆ ಕೋಶ ಆಕರಕೋಶವಾಗಿಯೇ ಉಳಿಯಲು ಪ್ರತಿ ಕ್ಷಣವೂ ಏನೋ ಒಂದು ಅದನ್ನು ಹಿಡಿದಿಡಬೇಕಾಗುತ್ತದೆ. ಈ ಹಿಡಿತ ಸಡಿಲವಾಗಲು ಕ್ಯಾಲ್ಸಿಯಂ, ಕಿಕ್ಕಿರಿದ ತಟ್ಟೆ, ಅಂಟಿಕೊಳ್ಳಲು ನೆಲೆಯಿಲ್ಲದೆ ದ್ರವದಲ್ಲಿ ತೇಲುವುದು, ಈ ಮೂರರಲ್ಲಿ ಯಾವುದಾದರೂ ಸಾಕು.

ಆದ್ದರಿಂದ ಎರಡು ಪ್ರಶ್ನೆಗಳು: ತಟ್ಟೆ ಎಷ್ಟು ತುಂಬಿದಾಗ ಎಬ್ಬಿಸುತ್ತೀರಿ? ಕೋಶಗಳನ್ನು ತಟ್ಟೆಯಿಂದ ಬಿಡಿಸುವ ಟ್ರಿಪ್ಸಿನ್ ಕಿಣ್ವವನ್ನು ಯಾವುದರಿಂದ ನಿಲ್ಲಿಸುತ್ತೀರಿ?

ಸಪ್ತಾಪುರ_ಕೋಶ
ಎಲ್ಲರೂ ಮಾಡುವಂತೆಯೇ. ಪ್ರಯೋಗಾಲಯದ ಕೈಪಿಡಿಯಲ್ಲಿರುವಂತೆ ಹತ್ತು ಶೇಕಡಾ ಸೀರಮ್ ಇರುವ ಡಿಎಮ್‌ಇಎಮ್ ಹಾಕಿ ಟ್ರಿಪ್ಸಿನ್ ನಿಲ್ಲಿಸಿ, ಆ ಒಂದು ಮಿಲಿಲೀಟರನ್ನು ಹಾಗೆಯೇ ಹತ್ತು ಮಿಲಿಲೀಟರ್ ಹೊಸ ಮೀಡಿಯಾಕ್ಕೆ ಸೇರಿಸುತ್ತೇವೆ. ಸೆಂಟ್ರಿಫ್ಯೂಜ್ ಮಾಡಿದರೆ ಕೋಶಗಳು ಸಾಯುತ್ತವೆಂದು ಹಿರಿಯರು ಬೇಡವೆಂದಿದ್ದರು. ಪ್ಯಾಸೇಜ್ ಸಾಮಾನ್ಯವಾಗಿ ಸೋಮವಾರ. ಭಾನುವಾರ ಕಟ್ಟಡಕ್ಕೆ ಬೀಗವಿರುವುದರಿಂದ ಅಷ್ಟರಲ್ಲಿ ತಟ್ಟೆ ಪೂರ್ತಿ ತುಂಬಿರುತ್ತದೆ.

ಉಣಕಲ್_ದಂಡೆ
ಈ ಎರಡು ಸಾಲುಗಳು ಮೊದಲ ಸಂದೇಶದಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಲೆಕ್ಕ ನೋಡಿರಿ. ಡಿಎಮ್‌ಇಎಮ್‌ನಲ್ಲಿ ಕ್ಯಾಲ್ಸಿಯಂ 1.8 ಮಿಲಿಮೋಲಾರ್, ಸೀರಮ್‌ನ ಪಾಲು ಸೇರಿದರೆ ನಿಮ್ಮ ಮಿಶ್ರಣದಲ್ಲಿ ಸುಮಾರು 2. ಅದರ ಒಂದು ಮಿಲಿಲೀಟರ್, 0.06 ಇರುವ ಹತ್ತು ಮಿಲಿಲೀಟರ್ ಮೀಡಿಯಾಕ್ಕೆ ಬಿದ್ದರೆ ತಟ್ಟೆಯಲ್ಲಿ 0.24ರ ಆಸುಪಾಸು ನಿಲ್ಲುತ್ತದೆ. ಬಾಟಲಿಯ ಮೇಲೆ ಕಡಿಮೆ ಕ್ಯಾಲ್ಸಿಯಂ ಎಂದು ಬರೆದಿದ್ದರೂ ಕೋಶ ಕಾಣುವುದು ಅದರ ನಾಲ್ಕು ಪಟ್ಟು. ಇದರ ಮೇಲೆ ಪ್ರತಿ ವಾರಾಂತ್ಯದ ಇಕ್ಕಟ್ಟು. ಎಪ್ಪತ್ತು ಶೇಕಡಾ ತುಂಬಿದಾಗಲೇ, ಶುಕ್ರವಾರವಾದರೂ ಸರಿ, ಎಬ್ಬಿಸಿಬಿಡಿ. ಸೀರಮ್ ಬದಲು ಸೋಯಾ ಟ್ರಿಪ್ಸಿನ್ ಪ್ರತಿರೋಧಕ ಬಳಸಿ, ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಚೆಲ್ಲಿರಿ.

ಬೆಟಗೇರಿ
ಕ್ಯಾಲ್ಸಿಯಂ ಎಂದು ಮೊದಲು ಹೇಳಿದವನು ನಾನೇ ಎಂಬುದನ್ನು ದಾಖಲಿಸುತ್ತೇನೆ. ನೀರಿನ ವಾಹಕತೆ ಇನ್ನೂ ಬಂದಿಲ್ಲ.

ವರದಾ
ಸೀರಮ್ ಇಲ್ಲದ ಮೀಡಿಯಾವೇ ಮೂಲ ದೋಷ ಎನ್ನುವುದು ನನ್ನ ಅಭಿಪ್ರಾಯ. ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ವಿಕಿರಣಕ್ಕೊಡ್ಡಿ ವಿಭಜನೆ ನಿಲ್ಲಿಸಿದ 3ಟಿ3 ಎಂಬ ಇಲಿಕೋಶಗಳ ಹಾಸಿನ ಮೇಲೆ ಬೆಳೆಸಿದರು. ಆ ಮೀಡಿಯಾದಲ್ಲಿ ಕ್ಯಾಲ್ಸಿಯಂ ಧಾರಾಳವಾಗಿಯೇ ಇತ್ತು, ಆದರೂ ಆಕರಕೋಶಗಳು ಉಳಿದವು. 2017ರಲ್ಲಿ ವರದಿಯಾದ, ಒಬ್ಬ ಬಾಲಕನ ಮೈಯ ಸುಮಾರು ಎಂಬತ್ತು ಶೇಕಡಾ ಹೊರಚರ್ಮವನ್ನು ಜೀನ್ ಸರಿಪಡಿಸಿ ಮತ್ತೆ ಬೆಳೆಸಿದ ಚಿಕಿತ್ಸೆಯೂ ಅಂಥ ಹಾಸನ್ನೇ ಬಳಸಿತ್ತು.

ಉಣಕಲ್_ದಂಡೆ
ಈ ಮಾತನ್ನು ಒಪ್ಪುತ್ತೇನೆ. ಬರೀ ಪ್ಲಾಸ್ಟಿಕ್ ಮೇಲೆ ಪಿ16 ಬೇಗ ಏರುತ್ತದೆ, ಹಾಸಿನ ಮೇಲೆ ನಿಧಾನ. ಆದರೆ ವಿಕಿರಣದ ಸೌಲಭ್ಯವಿಲ್ಲದವರಿಗೆ ಹಾಸು ಹೊಸ ತಲೆನೋವು. ವಿಭಜನೆ ನಿಲ್ಲಿಸುವ ಔಷಧ ಮೈಟೋಮೈಸಿನ್ ಬಳಸಬಹುದಾದರೂ ಅದನ್ನು ಚೆನ್ನಾಗಿ ತೊಳೆಯಬೇಕು. ಮೊದಲು ಒಂದೇ ಬದಲಾವಣೆ ಮಾಡಿ ನೋಡಲಿ.

ಸಪ್ತಾಪುರ_ಕೋಶ
ಒಂದೇ ವಯಲ್‌ನ ಕೋಶಗಳನ್ನು ಎರಡು ತಟ್ಟೆಗೆ ಹಂಚಿ, ಎರಡನ್ನೂ ಎಪ್ಪತ್ತು ಶೇಕಡಾಕ್ಕೇ ಎಬ್ಬಿಸಿ, ಒಂದನ್ನು ಮಾತ್ರ ಸೆಂಟ್ರಿಫ್ಯೂಜ್ ಮಾಡಿದೆವು. ಹಾಗೆ ಮಾಡಿದ ತಟ್ಟೆಯಲ್ಲಿ ಕೋಶಗಳು ಚಿಕ್ಕದಾಗಿ, ಒತ್ತೊತ್ತಾಗಿ, ನಯವಾದ ಅಂಚಿನ ಗುಂಪುಗಳಾಗಿ ನಿಂತಿವೆ. ಇನ್ನೊಂದರಲ್ಲಿ ಮತ್ತೆ ಅದೇ ಅಗಲ ಕೋಶಗಳು. ಅದರ ಪ್ರೋಟೀನ್ ಅಳೆದ ವೆಸ್ಟರ್ನ್ ಬ್ಲಾಟ್‌ನಲ್ಲಿ ಪಿ63 ಪಟ್ಟಿ ಮಸುಕು, ಇನ್‌ವೊಲುಕ್ರಿನ್ ದಟ್ಟ. ಆರ್‌ಎನ್‌ಎಯಲ್ಲಿ ಪಿ63 ವ್ಯತ್ಯಾಸ ಈಗಲೂ ಅಲ್ಪವೇ. ಹಳೆಯ ವಿಧಾನದಲ್ಲಿ ಬೆಳೆಸಿ ಶೈತ್ಯೀಕರಿಸಿಟ್ಟ ಎರಡನೇ ಪ್ಯಾಸೇಜ್ ವಯಲ್‌ಗಳು ಬಹಳ ಇವೆ. ರಾಕ್ ಎಂಬ ಕಿಣ್ವದ ಪ್ರತಿರೋಧಕ ಹಾಕಿ ಅವನ್ನು ಉಳಿಸಿಕೊಳ್ಳಬಹುದೇ?

ಉಣಕಲ್_ದಂಡೆ
ಆ ಪ್ರತಿರೋಧಕ, ವೈ-27632, ಹಾಕಿದರೆ ಕೋಶಗಳು ಹೆಚ್ಚುತ್ತವೆ, ಆದರೆ ಮೂಲ ಆಕರಕೋಶಗಳು ಎಷ್ಟು ಉಳಿದಿದ್ದವು ಎಂಬುದು ಮರೆಯಾಗುತ್ತದೆ. ಅದಿಲ್ಲದೆ ಒಂದು ವಯಲ್ ತೆಗೆದು, ಹಾಸಿನ ಮೇಲೆ ತೀರಾ ವಿರಳವಾಗಿ ಬಿತ್ತಿ, 12 ದಿನ ಬಿಟ್ಟು ರೋಡಮಿನ್-ಬಿ ಬಣ್ಣ ಹಚ್ಚಿರಿ. ಬರಾಂಡನ್ ಮತ್ತು ಗ್ರೀನ್ 1987ರಲ್ಲಿ ವಿಂಗಡಿಸಿದಂತೆ, ಒಂದು ಕೋಶದ ಸಂತತಿಯಲ್ಲಿ ಸೊರಗಿದ ಗುಂಪುಗಳು ಐದು ಶೇಕಡಾಕ್ಕಿಂತ ಕಡಿಮೆಯಿದ್ದರೆ ಅದು ಹೋಲೋಕ್ಲೋನ್, ಅಂದರೆ ಆಕರಕೋಶ. ನಿಮ್ಮ ತಟ್ಟೆಯ ಬಣ್ಣ ಹಿಡಿದ ಗುಂಪುಗಳು ಬಹುಪಾಲು ಚಿಕ್ಕದಾಗಿ, ಅಂಚು ಹರಿದಂತಿದ್ದರೆ ಆ ವಯಲ್‌ಗಳಿಗೆ ದ್ರವ ಸಾರಜನಕ ಖರ್ಚು ಮಾಡುವುದು ದಂಡ.

ವರದಾ
ಹಾಸು ಮಾಡಲು 3ಟಿ3 ಕೋಶಗಳು ಬೇಕಿದ್ದರೆ ನಮ್ಮಲ್ಲಿವೆ. ಹಾವೇರಿಯಿಂದ ಡ್ರೈ ಐಸ್‌ನಲ್ಲಿ ಕಳಿಸುವ ವ್ಯವಸ್ಥೆ ನಿಮ್ಮ ಕಡೆಯಿಂದ ಆಗಬೇಕು.