‘ಮನಸ್ಸನ್ನು ಹೃದಯಕ್ಕೆ ಇಳಿಸಿ’: ಇದನ್ನು ಕನ್ನಡದಲ್ಲಿ ಹೇಗೆ ಹೇಳೋದು?

ಗೆಳೆಯರೇ, ಒಂದು ವಾಕ್ಯ ನನ್ನನ್ನು ಹದಿನೈದು ದಿನದಿಂದ ಕಾಡುತ್ತಿದೆ. ಬಿಡಿಸಿಕೊಟ್ಟರೆ ಉಪಕಾರ.

ಸಾಗರದ ಹತ್ತಿರ ನಮ್ಮೂರಿನ ಸಣ್ಣ ಚರ್ಚಿನಲ್ಲಿ ತಪಸ್ಸುಕಾಲದ ಧ್ಯಾನಕೂಟ ಇದೆ. ಅದಕ್ಕೆ ನಾಲ್ಕು ಪುಟದ ಕರಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅದರಲ್ಲಿ ರಷ್ಯಾದ ಬಿಷಪ್ ಥಿಯೊಫಾನ್ (1815–1894) ಹೇಳಿದ ಮಾತೊಂದು ಬರುತ್ತದೆ. ಪ್ರಾರ್ಥನೆ ಅಂದರೆ ಮನಸ್ಸನ್ನು ಹೃದಯದಲ್ಲಿ ಇಟ್ಟುಕೊಂಡು ದೇವರ ಮುಂದೆ ನಿಲ್ಲುವುದು ಅಂತ ಅದರ ಸಾರ. ನಾನು ‘ಮನಸ್ಸನ್ನು ಹೃದಯಕ್ಕೆ ಇಳಿಸಿ ಪ್ರಾರ್ಥಿಸಿ’ ಅಂತ ಬರೆದೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾಲ್ಕು ಜನಕ್ಕೆ ಓದಿಯೂ ಹೇಳಿದೆ. ಅಡಿಕೆ ತೋಟದ ಹಿರಿಯರೊಬ್ಬರು ಕೇಳಿದರು: “ಅಲ್ಲ ಮೇಷ್ಟ್ರೇ, ಮನಸ್ಸು ಅಂದ್ರೂ ಹೃದಯ ಅಂದ್ರೂ ಒಂದೇ ಅಲ್ವಾ? ಎಲ್ಲಿಂದ ಎಲ್ಲಿಗೆ ಇಳಿಸ್ಬೇಕು?”

ನಾನು ಸುಮ್ನೆ ಕರಪತ್ರ ಮಡಚಿ ಜೇಬಿಗಿಟ್ಟುಕೊಂಡೆ.

ಅವರು ಹೇಳಿದ್ದು ಸರಿ. ನಮ್ಮ ಮಾತಿನಲ್ಲಿ ‘ಮನಸ್ಸು’ ಎಲ್ಲವನ್ನೂ ನುಂಗಿದೆ. ಮನಸ್ಸು ಮಾಡಿದೆ ಅಂದರೆ ತೀರ್ಮಾನಿಸಿದೆ. ಮನಸ್ಸಲ್ಲಿಟ್ಟುಕೋ ಅಂದರೆ ನೆನಪಿಡು. ಮನಸ್ಸಿಗೆ ಬೇಜಾರಾಯ್ತು, ಅವಳ ಮೇಲೆ ಮನಸ್ಸಾಯ್ತು, ಮನಸ್ಸಿಟ್ಟು ಓದು. ಯೋಚನೆ, ಆಸೆ, ನೋವು, ಛಲ ಎಲ್ಲ ಒಂದೇ ಗೂಡಿನಲ್ಲಿವೆ. ಹೃದಯದ ಕಥೆ ಬೇರೆ. ನಮ್ಮ ಕಡೆ ಆ ಪದ ಜಾಸ್ತಿ ಕೇಳಿಸುವುದು ಆಸ್ಪತ್ರೆಯಲ್ಲಿ, ಇಲ್ಲವೇ ಮದುವೆ ಮಂಟಪದ ಬಾಗಿಲಿನ ‘ಹೃತ್ಪೂರ್ವಕ ಸ್ವಾಗತ’ದಲ್ಲಿ. ಎದೆ ಅಂದರೆ ಧೈರ್ಯ, ಇಲ್ಲವೇ ಭಯ: ಎದೆಗಾರ, ಎದೆ ಝಲ್ ಅಂತು.

ಹಾಗಂತ ಹೃದಯವನ್ನು ಕೈಬಿಡುವ ಹಾಗೂ ಇಲ್ಲ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಆಯಿತು. ಅದರ ಪ್ರಧಾನ ಚರ್ಚು ಇರುವುದೇ ಯೇಸುವಿನ ಪವಿತ್ರ ಹೃದಯದ ಹೆಸರಿನಲ್ಲಿ. ಮನೆಮನೆಯಲ್ಲಿ ಆ ಪಟ ಇದೆ, ಕೆಳಗೊಂದು ಕೆಂಪು ಬಲ್ಬು ಉರಿಯುತ್ತದೆ. ಪೋಪ್ ಫ್ರಾನ್ಸಿಸ್ 2024ರ ಅಕ್ಟೋಬರಿನಲ್ಲಿ ಇದೇ ಭಕ್ತಿಯ ಮೇಲೆ ಒಂದು ದೊಡ್ಡ ಪರಿಪತ್ರ ಹೊರಡಿಸಿದರು. ತತ್ವಜ್ಞಾನಿಗಳು ಬುದ್ಧಿಗೆ, ಇಚ್ಛೆಗೆ ಕೊಟ್ಟಷ್ಟು ಜಾಗ ಹೃದಯಕ್ಕೆ ಕೊಡಲಿಲ್ಲ ಅಂತ ಅದರಲ್ಲಿ ಅವರ ದೂರು. ಕನ್ನಡಿಗರಿಗೆ ಈ ದೂರು ಅಷ್ಟಾಗಿ ತಟ್ಟುವುದಿಲ್ಲ ಅನ್ನಿಸುತ್ತದೆ. ನಾವು ಇವೆರಡನ್ನು ಬೇರೆ ಮಾಡಿದ್ದು ಯಾವಾಗ?

ಬೈಬಲಿನ ಮೂಲಕ್ಕೆ ಹೋದರೆ ಅಲ್ಲೂ ಹಿರಿಯರ ಪ್ರಶ್ನೆಯೇ ಗೆಲ್ಲುತ್ತದೆ. ಹೀಬ್ರೂವಿನ ‘ಲೇವ್’ ಅಂದರೆ ಹೃದಯ, ಆದರೆ ಅದು ಯೋಚಿಸುವ ಹೃದಯ. ಸೊಲೊಮೋನ ರಾಜ ದೇವರ ಹತ್ತಿರ ಬೇಡಿದ್ದು ‘ಕೇಳುವ ಲೇವ್’. ನ್ಯಾಯ ತೀರ್ಮಾನ ಮಾಡುವುದಕ್ಕೆ ಅವನಿಗೆ ಅದು ಬೇಕಿತ್ತು. ಅಂದರೆ ಅದು ನಮ್ಮ ‘ಮನಸ್ಸು’ವೇ! ದೇವರನ್ನು ಪ್ರೀತಿಸು ಅನ್ನುವ ಆಜ್ಞೆಯನ್ನೇ ನೋಡಿ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಮೂರೇ ಪದ: ಹೃದಯ, ಪ್ರಾಣ, ಶಕ್ತಿ. ಅದೇ ಮಾತು ಗ್ರೀಕಿನಲ್ಲಿ, ಮಾರ್ಕನ 12ನೇ ಅಧ್ಯಾಯಕ್ಕೆ ಬರುವಾಗ ನಾಲ್ಕಾಗಿದೆ. ನಡುವೆ ‘ಬುದ್ಧಿ’ ಸೇರಿಕೊಂಡಿದೆ. ಹೀಬ್ರೂ ಕಿವಿಗೆ ಹೃದಯದೊಳಗೇ ಬುದ್ಧಿ ಇತ್ತು, ಗ್ರೀಕ್ ಕಿವಿಗೆ ಬಿಡಿಸಿ ಹೇಳಬೇಕಾಯಿತು.

ನಮ್ಮ ಹಳೆಯ ಅನುವಾದಕರಿಗೂ ಈ ಕಷ್ಟ ಗೊತ್ತಿತ್ತು. ಬೆಟ್ಟದ ಪ್ರಸಂಗದಲ್ಲಿ ‘ನಿರ್ಮಲಚಿತ್ತರು ಧನ್ಯರು’ ಅಂತ ಇದೆಯಲ್ಲ, ಅಲ್ಲಿ ಗ್ರೀಕಿನಲ್ಲಿರುವುದು ಚಿತ್ತ ಅಲ್ಲ, ‘ಕಾರ್ಡಿಯಾ’, ಅಂದರೆ ಹೃದಯ. ‘ಶುದ್ಧ ಹೃದಯದವರು’ ಅಂತ ಬರೆಯಬಹುದಿತ್ತು. ಅವರು ಚಿತ್ತ ಅಂದರು. ನನಗೆ ಆ ಧೈರ್ಯ ಇಷ್ಟ.

ಇನ್ನು ಥಿಯೊಫಾನರ ‘ಮನಸ್ಸು’. ಅವರ ಹಿಂದೆ ಇರುವುದು ಗ್ರೀಕ್ ಸನ್ಯಾಸಿಗಳ ಪರಂಪರೆ. ಆ ಬರಹಗಳ ದೊಡ್ಡ ಸಂಗ್ರಹ 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಅವರು ಹೃದಯಕ್ಕೆ ಇಳಿಸು ಅನ್ನುವುದು ‘ನೂಸ್’ ಅನ್ನು. ಅದು ಲೆಕ್ಕ ಹಾಕುವ, ವಾದ ಮಾಡುವ ಶಕ್ತಿ ಅಲ್ಲ, ನೇರವಾಗಿ ಕಾಣುವ ಒಳಗಣ್ಣು. ಹಾಗಾಗಿ ‘ಬುದ್ಧಿ’ ಆಗುವುದಿಲ್ಲ. ನಮ್ಮಲ್ಲಿ ಬುದ್ಧಿ ಹೇಳ್ತೀನಿ ಅಂದರೆ ಬೈತೀನಿ, ಬುದ್ಧಿ ಕಲಿಸ್ತೀನಿ ಅಂದರೆ ಇನ್ನೂ ಕಷ್ಟ. ‘ಬುದ್ಧಿಯನ್ನು ಹೃದಯಕ್ಕೆ ಇಳಿಸಿ’ ಅಂದರೆ ಮಕ್ಕಳು ಬೆತ್ತ ನೆನಪಿಸಿಕೊಳ್ಳುತ್ತಾರೆ.

‘ಅರಿವು’ ಹೇಗೆ? ನಮ್ಮ ಜಿಲ್ಲೆಯದೇ ಪದ ಅನ್ನುವಷ್ಟು ಹತ್ತಿರ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ‘ಅರಿವು ಎದೆಗೆ ಇಳಿಯಲಿ’ ಅಂತ ಬರೆದು ನೋಡಿದೆ. ಓದಲು ಚೆಂದ. ವಚನದ ಪದ ಕರಪತ್ರಕ್ಕೆ ಯಾಕೆ ಅಂತ ಒಬ್ಬರು ಮುಖ ಸಿಂಡರಿಸಿದರು. ಚಿತ್ತ ಬಂದದ್ದು ಎಲ್ಲಿಂದ ಅಂತ ನಾನು ಕೇಳಿದೆ.

ಹುಡುಕುವಾಗ ಸಿಕ್ಕ ಇನ್ನೊಂದು ಖುಷಿ. ಯೇಸು ಜನರ ಗುಂಪನ್ನು ಕಂಡು ಕನಿಕರಪಟ್ಟ ಅಂತ ಓದುತ್ತೇವೆ. ಆ ಗ್ರೀಕ್ ಕ್ರಿಯಾಪದ ಹುಟ್ಟಿದ್ದು ‘ಸ್ಪ್ಲಾಂಗ್ಖ್ನಾ’ ಅನ್ನುವ ಪದದಿಂದ, ಅಂದರೆ ಹೊಟ್ಟೆಯ ಒಳಭಾಗ, ಕರುಳು. ನಮ್ಮಜ್ಜಿ ‘ಕರುಳು ಚುರುಕ್ ಅಂತು’ ಅಂದಿದ್ದರೆ ಮೂಲಕ್ಕೆ ಕನಿಕರಕ್ಕಿಂತ ಹತ್ತಿರ ಹೋಗಿರುತ್ತಿದ್ದಳು.

ಮತ್ತೆ ಕರಪತ್ರಕ್ಕೆ ಬರುತ್ತೇನೆ. ಕಳೆದ ವಾರ ಜಪಸರ ಮುಗಿಸಿ ಎದ್ದ ಅಮ್ಮನೊಬ್ಬರು, “ಬಾಯಿಪಾಠ ಎಲ್ಲ ಬರ್ತದೆ, ಮನಸ್ಸು ಮಾತ್ರ ನಿಲ್ಲಲ್ಲ” ಅಂದರು. ಆಗ ಹೊಳೆಯಿತು. ಥಿಯೊಫಾನರ ಮಾತಿನಲ್ಲಿ ಮುಖ್ಯ ಕ್ರಿಯಾಪದ ‘ನಿಲ್ಲು’. ‘ಇಳಿಸು’ ನಾನು ಒತ್ತು ಕೊಟ್ಟದ್ದು. ಇಷ್ಟು ದಿನ ಹೃದಯವೋ ಎದೆಯೋ ಅಂತ ನಾಮಪದ ಹಿಡಿದು ಒದ್ದಾಡಿದ್ದೇ ಬಂತು, ಕ್ರಿಯಾಪದ ಆ ಅಮ್ಮನ ಬಾಯಲ್ಲಿ ಮೊದಲೇ ಇತ್ತು. ಈಗ ಹೀಗೆ ತಿದ್ದಿದ್ದೇನೆ: ‘ಬಾಯಿ ಹೇಳಿದ್ದು ಎದೆಗೆ ಇಳಿಯಲಿ, ಮನಸ್ಸು ಅಲ್ಲೇ ದೇವರ ಮುಂದೆ ನಿಲ್ಲಲಿ.’ ಹಿರಿಯರು ಒಪ್ಪಿದರು. ನನಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ.

ಎರಡು ಪ್ರಶ್ನೆ ಉಳಿದಿವೆ. ‘ಎದೆ’ ಪ್ರೀತಿ, ಭಕ್ತಿಯ ಅರ್ಥದಲ್ಲಿ ನಿಮ್ಮ ಕಡೆ ದಿನದ ಮಾತಿನಲ್ಲಿ ಇದೆಯಾ, ಅಥವಾ ಅದು ಬರೀ ಕವಿಗಳ ಎದೆಯಾ? ಇನ್ನೊಂದು, ನಮ್ಮ ಪಕ್ಕದ ಮನೆಯ ಕೊಂಕಣಿಯವರು ಹೃದಯಕ್ಕೆ ‘ಕಾಳಿಜ್’ ಅನ್ನುತ್ತಾರೆ. ನಮ್ಮ ‘ಕಾಳಜಿ’ ಅದೇ ಬೇರಿನದಾ? ಕರಪತ್ರ ಬುಧವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬರೆದರೆ ಒಳ್ಳೆಯದು.