ಪದಚರ್ಚೆ: ‘ಬೊಕಾಶಿ’ಗೆ ಕನ್ನಡದಲ್ಲಿ ಏನನ್ನಬಹುದು?

ಎಲ್ಲರಿಗೂ ನಮಸ್ಕಾರ. ಜಪಾನಿನ ಮರದಚ್ಚಿನ ಚಿತ್ರಗಳ ಬಗ್ಗೆ, ಅದರಲ್ಲೂ ಹಿರೋಶಿಗೆ ಎಂಬ ಕಲಾವಿದ (1797–1858) ಮಾಡಿದ ಇರುಳಿನ ನೋಟಗಳ ಬಗ್ಗೆ ಬರೆಯುತ್ತಿದ್ದೇನೆ. ‘ಬೊಕಾಶಿ’ ಅನ್ನೋ ಮಾತಿಗೆ ಒಳ್ಳೆಯ ಕನ್ನಡ ಪದ ಬೇಕಾಗಿದೆ.

ಇಂಥ ಹಲವು ಚಿತ್ರಗಳಲ್ಲಿ ಆಕಾಶದ ಮೇಲಂಚು ಕಡುನೀಲಿ ಅಥವಾ ಕಪ್ಪಾಗಿರುತ್ತದೆ. ಕೆಳಗೆ ಬರುತ್ತಾ ಬರುತ್ತಾ ಬಣ್ಣ ತೆಳುವಾಗಿ, ಕೊನೆಗೆ ಬರೀ ಕಾಗದ ಉಳಿಯುತ್ತದೆ. ಇದೇ ಬೊಕಾಶಿ. ಸಾಮಾನ್ಯವಾಗಿ ಇದನ್ನು ಹಲಗೆಯಲ್ಲಿ ಕೆತ್ತಿರುವುದಿಲ್ಲ. ಅಚ್ಚು ಹಾಕುವವನು ಹಲಗೆಯನ್ನು ಒದ್ದೆ ಮಾಡಿ, ಒಂದು ಅಂಚಿಗೆ ಬಣ್ಣ ಹಚ್ಚಿ, ಬ್ರಶ್ಶಿನಿಂದ ಎಳೆಯುತ್ತಾನೆ. ಮೇಲೆ ಕಾಗದ ಹಾಸಿ, ಬಾರೆನ್ ಎಂಬ ಚಪ್ಪಟೆ ಬಿಲ್ಲೆಯಿಂದ ಉಜ್ಜುತ್ತಾನೆ. ಪ್ರತಿ ಹಾಳೆಗೂ ಇದೆಲ್ಲ ಮತ್ತೆ ಮಾಡಬೇಕು. ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳಲ್ಲೂ ಕತ್ತಲು ಒಂದೇ ಥರ ಇರುವುದಿಲ್ಲ.

‘ಮಸುಕು’ ನನಗೆ ಒಪ್ಪಿಗೆಯಾಗಲಿಲ್ಲ. ಮಸುಕು ಅಂದರೆ ಸರಿಯಾಗಿ ಕಾಣದ್ದು, ಕಳೆಗುಂದಿದ್ದು. ‘ವರ್ಣಶ್ರೇಣಿ’ ಅಂದರೆ ಬಣ್ಣಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ ಕೇಳಿಸುತ್ತದೆ. ‘ಇಳಿಬಣ್ಣ’ ಚೆನ್ನಾಗಿದೆ, ಆದರೆ ‘ಕಾನ್ಬಾರಾ’ ಚಿತ್ರದ ಹತ್ತಿರ ಅದು ಸೋಲುತ್ತದೆ. ಜಪಾನಿನ ಹಳೆಯ ತೋಕೈದೋ ಹೆದ್ದಾರಿಯ 53 ತಂಗುದಾಣಗಳ ಸರಣಿಯಲ್ಲಿ ಕಾನ್ಬಾರಾ ಎಂಬ ತಂಗುದಾಣದ ಚಿತ್ರ ಅದು, 1830ರ ದಶಕದ್ದು. ಹಿಮ ಹೊದ್ದ ಹಳ್ಳಿ, ಏರುದಾರಿ, ನಡೆದು ಹೋಗುವ ಮೂವರು. ಒಬ್ಬನ ಕೈಲಿ ಅರ್ಧ ಮಡಚಿದ ಛತ್ರಿ. ಕೆಲವು ಪ್ರತಿಗಳಲ್ಲಿ ಕಪ್ಪು ಮೇಲಿಂದ ಇಳಿಯುತ್ತದೆ. ಇನ್ನು ಕೆಲವದರಲ್ಲಿ ಬೆಟ್ಟ, ಮನೆಗಳ ಹಿಂದಿನಿಂದ ಮೇಲಕ್ಕೆ ಏರುತ್ತದೆ. ಎರಡನೆಯದನ್ನು ಇಳಿಬಣ್ಣ ಅನ್ನೋಕಾಗಲ್ಲ, ಅಲ್ವಾ?

(ಅಂದ ಹಾಗೆ, ಈ ಚಿತ್ರದ ಹೆಸರಿನಲ್ಲಿ ಕಾನ್ಬಾರಾ ಜೊತೆಗೆ ಬರುವ ಮಾತನ್ನು ‘ರಾತ್ರಿಯ ಮಂಜು’ ಅಂತ ಬರೆಯಬೇಡಿ ಅನ್ನೋದು ನನ್ನ ಕೋರಿಕೆ. ಮಂಜು ಅಂದ ತಕ್ಷಣ ನಮಗೆ ಬೆಳಗಿನ ಮಂಜೇ ನೆನಪಾಗುತ್ತದೆ. ‘ಇರುಳ ಹಿಮ’ ಸರಿಹೋಗುತ್ತದೆ.)

ಸದ್ಯಕ್ಕೆ ನನ್ನ ಆಯ್ಕೆ ‘ಕರಗುಬಣ್ಣ’. ಮೇಲಿಂದಾಗಲಿ ಕೆಳಗಿಂದಾಗಲಿ, ಎರಡಕ್ಕೂ ಹೊಂದುತ್ತದೆ. ‘ಬಣ್ಣ ಕರಗಿಸು’ ಅಂದರೆ ಅಚ್ಚು ಹಾಕುವವನ ಕೈಕೆಲಸವೂ ಅದರಲ್ಲಿ ಬಂತು. ಬಟ್ಟೆಯ ವಿಷಯದಲ್ಲಿ ನಾವು ‘ಬಣ್ಣ ಬಿಟ್ಟಿತು’ ಅಂತೀವಿ, ಹಾಗಾಗಿ ಗೊಂದಲವೂ ಇಲ್ಲ. ಚಿತ್ರ ಬರೆಯುವವರು ‘ಶೇಡ್ ಕೊಡೋದು’ ಅನ್ನೋದನ್ನು ಕೇಳಿದ್ದೇನೆ. ಅದಕ್ಕಿಂತ ಹಳೆಯ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯಾ? ಗೋಡೆಗೆ, ಬಟ್ಟೆಗೆ, ಬೊಂಬೆಗೆ ಬಣ್ಣ ಹಾಕುವವರನ್ನು ಬಲ್ಲವರು ದಯವಿಟ್ಟು ಕೇಳಿ ತಿಳಿಸಿ.